ಬಾವೀಸ್ ಬಂದೂಕು ಬತ್ತೀಸ್ ಆದದ್ದು

ನಮ್ಮ ಕಾಕಾ ಜೀವಮಾನದಲ್ಲಿ ಒಂದು ಇಲಿಯನ್ನೂ ಹೊಡೆದವರಲ್ಲ. ಮನೆಯಲ್ಲಿ ಜಿರಲೆ ಕಂಡರೆ ಕಾಕುವನ್ನು ಕೂಗಿ ಕರೆದು, ತಾವು ಮಂಚ ಹತ್ತಿ ನಿಲ್ಲುವ ಪೈಕಿ. ಇಂಥವರು ಒಂದು ಮಧ್ಯಾಹ್ನ, ಸುಮಾರು ಮೂರು ತಾಸು, ಪೊಲೀಸ್ ಠಾಣೆಯೊಂದರ ಕಣ್ಣಿನಲ್ಲಿ ಗಡಿಭಾಗದ ಭಾರೀ ಕಳ್ಳಬಂದೂಕಿನ ವ್ಯಾಪಾರಿಯಾಗಿದ್ದರು ಎಂದರೆ ನಂಬುತ್ತೀರಾ? ಪಕ್ಕದ ಬೆಂಚಿನಲ್ಲೇ ಕುಳಿತಿದ್ದ ನನಗೇ ನಂಬಿಕೆ ಬರಲಿಲ್ಲ, ನಿಮಗೆಲ್ಲಿಂದ ಬರಬೇಕು!

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಕಾಕು ಅವರ ಹೆಂಡತಿ. ಶಿರಗುಪ್ಪಿಯಲ್ಲಿ ಕಬ್ಬಿನ ಹೊಲ, ಕಾಗವಾಡದ ಹಾದಿಯಲ್ಲಿ ಒಂದಿಷ್ಟು ದ್ರಾಕ್ಷಿ. ವಯಸ್ಸು ಎಪ್ಪತ್ತರ ಆಚೆಯೋ ಈಚೆಯೋ, ಅದು ಕೇಳುವವರ ಮೇಲೆ. ಬಸ್ಸಿನ ಕಂಡಕ್ಟರ್ ಕೇಳಿದರೆ ಆಚೆ, ಬೀಗರು ಕೇಳಿದರೆ ಈಚೆ. ನಾನು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನಮ್ಮ ಮನೆತನದಲ್ಲಿ ಕಾರು ಓಡಿಸಲು ಕಲಿತ ಮೊದಲ ಹೆಣ್ಣುಮಗಳು ನಾನೇ. ಆ ತಪ್ಪಿಗೆ ಶಿಕ್ಷೆಯಾಗಿ ಕಾಕಾನ ಪ್ರತಿಯೊಂದು ಸಾಹಸಕ್ಕೂ ಸಾರಥ್ಯ ನನ್ನದೇ.

ಕಾಕಾನ ಹತ್ತಿರ ಒಂದು ಬಂದೂಕಿದೆ. ಅಜ್ಜನಿಂದ ಬಂದದ್ದು. ಬೆಳೆಗೆ ನುಗ್ಗುವ ಹಂದಿ, ಮಂಗಗಳನ್ನು ಸಪ್ಪಳ ಮಾಡಿ ಓಡಿಸಲಿಕ್ಕೆ ಅಂತ ಸರಕಾರ ಕೊಟ್ಟ ಲೈಸೆನ್ಸ್ ಉಂಟು. ನಳಿಗೆಯ ಮೇಲೆ ಪಾಯಿಂಟ್ ಇಪ್ಪತ್ತೆರಡು ಎಂದು ಕೆತ್ತಿದೆ. ನಮ್ಮ ಕಡೆ ಎಣಿಕೆ ಅರ್ಧ ಮರಾಠಿಯಲ್ಲೇ ನಡೆಯುವುದರಿಂದ ಮನೆಮಂದಿಯೆಲ್ಲ ಅದನ್ನು ಕರೆಯುವುದು ‘ಬಾವೀಸ್’ ಎಂದು. ಕಾಕು ಮಾತ್ರ ಬೇರೆ ಹೆಸರಿಟ್ಟಿದ್ದಾರೆ: ‘ಸವತಿ’. ಯಾಕೆಂದರೆ ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಕಾಕಾ ಕಾಕುವಿನ ತಲೆಗೆ ಒಂದು ದಿನವೂ ಎಣ್ಣೆ ಹಚ್ಚಿದವರಲ್ಲ. ಬಂದೂಕಿಗೆ ಪ್ರತಿ ಸೋಮವಾರ ಹಚ್ಚುತ್ತಾರೆ!

ಎಲೆಕ್ಷನ್ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಜಮಾ ಮಾಡಬೇಕು. ಉಳಿದವರು ಕೊಟ್ಟು, ಚೀಟಿ ತೆಗೆದುಕೊಂಡು, ಮರೆತುಬಿಡುತ್ತಾರೆ. ಕಾಕಾ ಮಾತ್ರ ದವಾಖಾನೆಯಲ್ಲಿ ಮಲಗಿದ ನೆಂಟರನ್ನು ನೋಡಲು ಹೋಗುವಂತೆ ಎರಡು ದಿನಕ್ಕೊಮ್ಮೆ ಹೋಗುತ್ತಾರೆ. ಒಂದು ಕೈಯಲ್ಲಿ ಎಣ್ಣೆಯ ಸೀಸೆ, ಇನ್ನೊಂದರಲ್ಲಿ ಮೆತ್ತನೆಯ ಅರಿವೆ.

“ಥಂಡಿ ಐತ್ರಿ ಸಾಹೇಬ್ರ, ಜಂಗ್ ಹಿಡೀತೈತಿ. ಒಂದ್ ಸಲ ಒರಸಿ ಹೋಗ್ತೀನಿ.”

ಒಮ್ಮೆ ಹವಾಲ್ದಾರರು ತಮಾಷೆಗೆ, “ಪೇಶಂಟ್ ಮಲಗೇತ್ರಿ ಕಾಕಾ, ಎಬ್ಬಸಬ್ಯಾಡ್ರಿ” ಎಂದರಂತೆ. ಕಾಕಾ ಗಂಭೀರವಾಗಿ, “ಹಂಗಾರ ನಾಳೆ ಎಷ್ಟಕ್ಕ ಬರ್ಲಿ?” ಎಂದು ಕೇಳಿದರಂತೆ!

ಹೀಗೆ ಸುಖವಾಗಿದ್ದ ಸಂಸಾರಕ್ಕೆ ಕಲ್ಲು ಹಾಕಿದವರು ದಿಗ್ಗೇವಾಡಿಯ ಬೀಗರು. ಅಂದರೆ ಕಾಕಾನ ಮಗಳ ಮಾವ. ಆಜಾನುಬಾಹು. ಎರಡೂ ಕಡೆ ತಿರುವಿದ ಮೀಸೆ, ಎರಡು ನಳಿಗೆಯ ಬಂದೂಕು. ಅದು ಹನ್ನೆರಡು ಬೋರಿನದು. ಒಂದೊಂದು ನಳಿಗೆಯಲ್ಲೂ ಹೆಬ್ಬೆರಳು ಆರಾಮಾಗಿ ಹೋಗಿ ಬರುತ್ತದೆ. ಕಾಕಾನ ಬಂದೂಕಿನ ನಳಿಗೆಗೆ ಶಾಲೆಯ ಪೆನ್ಸಿಲ್ಲೂ ಹೋಗುವುದಿಲ್ಲ. ಆ ಸಲ ದ್ರಾಕ್ಷಿ ತಿನ್ನಲು ಬಂದ ಬೀಗರು ಚಪ್ಪರದ ಕೆಳಗೆ ಕೂತು, ಕಾಕಾ ತೋರಿಸಿದ ಬಂದೂಕನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು:

“ಬೀಗರ, ಇದರಾಗಿಂದ ಗುಂಡು ತಾನಾಗಿ ಹೊರಗ ಬರ್ತೈತೋ, ಇಲ್ಲಾ ಹೆಸರ ಹಿಡದು ಕರೀಬೇಕೋ?”

ಕಾಕಾ ನಕ್ಕರು. ಹೆಣ್ಣು ಕೊಟ್ಟವರು ನಗಲೇಬೇಕಲ್ಲ.

“ಇದಕ್ಕ ಬಂದೂಕ ಅಂತಾರೇನ್ರಿ? ಊದಬತ್ತಿ ಆತಲ್ರಿ ಇದು!”

ಕಾಕಾ ಆಗಲೂ ನಕ್ಕರು. ಆದರೆ ಬೀಗರ ಗಾಡಿ ಹೋದ ಮೇಲೆ ಊಟ ಮಾಡಲಿಲ್ಲ.

ಅದೇ ವಾರ ಕಬ್ಬಿಗೆ ಹಂದಿ ಬಂದವು. ರವಿವಾರವಾದ್ದರಿಂದ ನಾನೂ ಹೋಗಿದ್ದೆ. ಕಾಕಾ ಹೊಲದ ಅಂಚಿನ ಮಣ್ಣಿನ ಒಡ್ಡಿಗೆ ಗುರಿಯಿಟ್ಟು ಒಂದು ಗುಂಡು ಹಾರಿಸಿದರು. ನನ್ನ ಕಿವಿ ಗುಂಯ್ಯೆಂದಿತು. ಎರಡು ಕೊಕ್ಕರೆಗಳು ಹಾರಿಹೋದವು. ಕಾಕಾ ಮಾತ್ರ ಬಂದೂಕನ್ನು ಕೆಳಗಿಳಿಸಿ, ಪರೀಕ್ಷೆಯಲ್ಲಿ ಫೇಲಾದ ಮಗನನ್ನು ನೋಡುವಂತೆ ಅದನ್ನೇ ನೋಡುತ್ತ ನಿಂತರು.

“ಕೇಳಿದೇನ ತಂಗಿ? ಟಪ್ ಅಂತು. ಬರೇ ಟಪ್! ನಮ್ಮಪ್ಪ ಹಾರಿಸಿದ್ರ ಹೊಳಿ ಆಚಿ ದಂಡಿಗಿ ಕೇಳಸ್ತಿತ್ತು. ಬಂದೂಕಿನ ದನಿ ಬಿದ್ದೈತಿ. ಬೀಗರು ಅಂದದ್ದು ಖರೇನ ಐತಿ.”

“ಇಲ್ಲ ಕಾಕಾ, ಛಲೋ ಸಪ್ಪಳ ಆತು” ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಮುನಿಸಿಕೊಂಡ ಮನುಷ್ಯ ಎಲ್ಲಿ ಕೇಳಿಸಿಕೊಳ್ಳುತ್ತಾನೆ ಎಂದುಕೊಂಡು ನಾನೂ ಸುಮ್ಮನಾದೆ.

ಮುಂದಿನ ರವಿವಾರ ಹೋದಾಗ ಕಾಕಾನ ಬಾಯಲ್ಲಿ ಹೊಸ ಶಬ್ದ ಕೂತಿತ್ತು: ಕ್ಯಾಲಿಬರ್! ಮೊಬೈಲಿನಲ್ಲಿ ಯಾರೋ ಬಿಳಿ ಗಡ್ಡದ ವಿಲಾಯಿತಿ ಮನುಷ್ಯ ಸಣ್ಣ ನಳಿಗೆಯ ಬಂದೂಕನ್ನು ದೊಡ್ಡ ನಳಿಗೆಯದಾಗಿ ಮಾರ್ಪಡಿಸುವ ಬಗ್ಗೆ ಮಾತಾಡುವ ವಿಡಿಯೋ. ಕಾಕಾಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಆ ಮನುಷ್ಯ ಕೊನೆಯಲ್ಲಿ ನಕ್ಕನಂತೆ. ಅಷ್ಟು ಸಾಕಲ್ಲ!

“ಕ್ಯಾಲಿಬರ್ ಅಂದ್ರ ನಳಗಿ ಒಳಗಿನ ತೂತಿನ ಅಗಲ. ತೂತು ದೊಡ್ಡದಾದ್ರ ಗುಂಡು ದೊಡ್ಡದು, ಗುಂಡು ದೊಡ್ಡದಾದ್ರ ದನಿ ದೊಡ್ಡದು. ಗಣಿತಾ ಕಲಸ್ತಿ, ಇಷ್ಟೂ ತಿಳೀವಲ್ದೇನ?”

ಅಂದಿನಿಂದ ಆ ಮನೆಯಲ್ಲಿ ತೂತಿದ್ದ ಯಾವ ವಸ್ತುವಿಗೂ ನೆಮ್ಮದಿ ಉಳಿಯಲಿಲ್ಲ. ಕಾಕುವಿನ ಬಳೆಯ ಕ್ಯಾಲಿಬರ್ ನೋಡಿದರು, ಬೋರಿನ ಪೈಪಿನದು ನೋಡಿದರು. ಬೆಳಗಿನ ಚಹಾಕ್ಕೆ ಬಂದ ಪಕ್ಕದ ಮನೆಯವನ ಮೂಗಿನ ಹೊಳ್ಳೆಗಳನ್ನು ದಿಟ್ಟಿಸಿ, “ಎರಡೂ ಒಂದ ಕ್ಯಾಲಿಬರ್ ಇಲ್ಲ” ಎಂದುಬಿಟ್ಟರು. ಆತ ಮರುದಿನದಿಂದ ಚಹಾಕ್ಕೆ ಬರುವುದನ್ನೇ ಬಿಟ್ಟ! “ಒಂದು ಚಾ ಉಳೀತು” ಎಂದರು ಕಾಕು. ಅವರು ಯಾವುದರಲ್ಲೂ ಲಾಭ ಕಾಣುವ ಹೆಂಗಸು.

ಕಾಗವಾಡದಲ್ಲಿ ದಸ್ತಗೀರ ಮಿಸ್ತ್ರಿಯ ಲೇತ್ ಅಂಗಡಿ ಇದೆ. ಕಾಕಾ ಮತ್ತು ಮಿಸ್ತ್ರಿ ಒಂದೇ ಶಾಲೆಯಲ್ಲಿ ಒಂದೇ ಮಾಸ್ತರರಿಂದ ಒಂದೇ ಛಡಿಯ ಏಟು ತಿಂದವರು. ಅಷ್ಟು ಗಟ್ಟಿ ಸ್ನೇಹ. ಟ್ರ್ಯಾಕ್ಟರಿನ ಅಚ್ಚು, ಪಂಪಿನ ಶಾಫ್ಟು, ಗಾಣದ ರೂಲು, ಮುರಿದದ್ದು ಏನೇ ಇರಲಿ, ಮಿಸ್ತ್ರಿ ಲೇತಿಗೆ ಕಟ್ಟಿ ತಿರುಗಿಸಿದರೆ ಹೊಸದಾಗಿ ಬರುತ್ತದೆ. ಕಾಕಾ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಸಂಗತಿ ಹೇಳಿದರು. ಮಿಸ್ತ್ರಿ ಲೇತ್ ಬಂದ್ ಮಾಡಿದ, ಕೈ ಒರೆಸಿಕೊಂಡ, ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿದ.

“ದೋಸ್ತ, ಲೈಸೆನ್ಸಿನ್ಯಾಗ ಏನ್ ಬರದೈತಿ?”

“ಬಾವೀಸ್.”

“ನಳಗಿ ಬದಲ ಮಾಡಿದ್ರ ಬಾವೀಸ್ ಉಳೀತೈತೇನ? ಪರವಾನಗಿ ಇಲ್ದ ಬಂದೂಕಿಗಿ ಕೈ ಹಚ್ಚಿದ್ರ ಇಬ್ಬರನ್ನೂ ಒಳಗ ಹಾಕ್ತಾರ. ನಾ ಟ್ರ್ಯಾಕ್ಟರಿನ ಅಚ್ಚು ತಿರಗಸಾಂವ. ಜೇಲಿನ ಬೀಸೋ ಕಲ್ಲು ತಿರಗಸಾಕ ನನ್ನ ಕಡಿಂದ ಆಗೂದಿಲ್ಲ.”

“ಯಾರಿಗಿ ಗೊತ್ತಾಗ್ತೈತಿ?”

“ದೊಡ್ಡ ದನಿ ಬೇಕು ಅಂತಿ, ಯಾರಿಗೂ ಗೊತ್ತಾಗಬಾರ್ದು ಅಂತಿ. ಎರಡರಾಗ ಒಂದ್ ಹೇಳಪಾ!”

ನಾನು ಗಣಿತ ಕಲಿಸುವವಳಾದರೂ ತರ್ಕ ಇಷ್ಟು ಚೊಕ್ಕಾಗಿ ಹೇಳಿದ್ದನ್ನು ಕೇಳಿರಲಿಲ್ಲ. ಕಾಕಾ ಮಾತ್ರ ಸೋಲಲಿಲ್ಲ. ಮತ್ತೆ ಮೂರು ಸಲ ಹೋದರು. ಒಮ್ಮೆ ದ್ರಾಕ್ಷಿ ಒಯ್ದರು, ಒಮ್ಮೆ ಬೆಲ್ಲ, ಒಮ್ಮೆ ಬರೀ ಸಿಟ್ಟು. ಮಿಸ್ತ್ರಿ ದ್ರಾಕ್ಷಿ ಇಟ್ಟುಕೊಂಡ, ಬೆಲ್ಲ ಇಟ್ಟುಕೊಂಡ, ಸಿಟ್ಟಿಗೆ ಚಹಾ ಕುಡಿಸಿ ಕಳಿಸಿದ. ಮಿರಜಿನ ಬಂದೂಕಿನ ಅಂಗಡಿಯವನೂ ಕೈ ಮುಗಿದು, “ಅಸಂ ಚಾಲತ ನಾಹೀ ಕಾಕಾ” ಎಂದ. ಹಾಗೆಲ್ಲ ನಡೆಯುವುದಿಲ್ಲ, ಬೇಕಾದರೆ ಪರವಾನಗಿ ಪಡೆದು ಇದನ್ನು ಮಾರಿ ಬೇರೆಯದು ಕೊಳ್ಳಿ ಎಂದು ಬುದ್ಧಿ ಹೇಳಿದ. ಕಾಕಾ ದಾರಿಯುದ್ದಕ್ಕೂ ಕುದಿದರು.

“ಅಪ್ಪನ ಬಂದೂಕ ಮಾರ್ಬೇಕಂತ! ನಾಳೆ ಅಪ್ಪನ ಫೋಟೋನೂ ಮಾರು ಅಂತಾನ!”

ಕಳ್ಳದಾರಿ ಮುಚ್ಚಿದ ಮೇಲೆ ಕಾಕಾ ನೇರ ದಾರಿ ಹಿಡಿದರು. ಲೈಸೆನ್ಸ್ ನವೀಕರಣದ ಹೊತ್ತು ಬಂದಿತ್ತು. ಆಫೀಸು ಯಾವ ಊರಿನದು ಎಂದು ನಾನು ಹೇಳುವುದಿಲ್ಲ. ನಮಗೆ ಇನ್ನೂ ಅಲ್ಲಿ ಕೆಲಸ ಬೀಳುತ್ತವೆ. ಕಾಕಾ ನವೀಕರಣದ ಕಾಗದಗಳ ಜೊತೆ ಸ್ವಂತ ಕೈಬರಹದ ಒಂದು ಅರ್ಜಿ ಇಟ್ಟರು. “ವಿಷಯ: ನನ್ನ ಬಂದೂಕಿನ ಕ್ಯಾಲಿಬರ್ ದೊಡ್ಡದು ಮಾಡಿಕೊಡುವ ಕುರಿತು. ಮಾನ್ಯರೇ, ಸದರಿ ಬಂದೂಕಿನ ದನಿ ದಿನೇದಿನೇ ಕ್ಷೀಣಿಸುತ್ತಿದ್ದು, ಹಂದಿಗಳು ಮರ್ಯಾದೆ ಕೊಡುತ್ತಿಲ್ಲ...” ಹೀಗೆ ಒಂದೂವರೆ ಪುಟ! ಗುಮಾಸ್ತರು ಓದಿ, ತಲೆ ಕೆರೆದುಕೊಂಡು, “ಹೆಸರು ಬದಲಾವಣೆಗೆ ಫಾರ್ಮ್ ಐತ್ರಿ, ಮನೀ ವಿಳಾಸದ್ದೂ ಐತಿ. ದನಿ ಬದಲಾವಣೆಗೆ ಇಲ್ರಿ” ಎಂದು ಅರ್ಜಿಯನ್ನು ಹಾಗೆಯೇ ಫೈಲಿನ ಹೊಟ್ಟೆಗೆ ತುರುಕಿದರು.

ಎರಡು ತಿಂಗಳ ಮೇಲೆ ಹೊಸ ಲೈಸೆನ್ಸ್ ಪುಸ್ತಕ ಬಂತು. ಬಂದೂಕಿನ ನಂಬರ್ ಸರಿ, ಕಾಕಾನ ಹೆಸರು ಸರಿ, ಫೋಟೋದಲ್ಲಿನ ಸಿಟ್ಟೂ ಸರಿ. ಆದರೆ ಪಾಯಿಂಟ್ ಇಪ್ಪತ್ತೆರಡು ಇರಬೇಕಾದಲ್ಲಿ ಪಾಯಿಂಟ್ ಮೂವತ್ತೆರಡು! ಕಂಪ್ಯೂಟರಿನ ಕೀಲಿಗಳಲ್ಲಿ ಎರಡರ ಮಗ್ಗುಲಿಗೇ ಮೂರು ಕೂತಿರುತ್ತದೆ. ಬೆರಳು ಒಂದು ಮನೆ ಆಚೆ ಜಾರಿದರೆ ಅದು ಬೆರಳಿನ ತಪ್ಪೇ?

ಕಾಕಾನ ದೃಷ್ಟಿಯಲ್ಲಿ ತಪ್ಪೇ ಆಗಿರಲಿಲ್ಲ. ಅರ್ಜಿ ಮಂಜೂರಾಗಿತ್ತು!

“ಬಾವೀಸ್ ಹೋತು, ಬತ್ತೀಸ್ ಬಂತು!” ಎಂದು ಓಣಿಗೆಲ್ಲ ಪೇಢೆ ಹಂಚಿದರು. ಬೀಗರಿಗೆ ಫೋನು ಹಚ್ಚಿದರು. ಆ ಕಡೆಯಿಂದ ಬೀಗರ ನಗು ಫೋನಿನ ಹೊರಗೂ ಕೇಳುತ್ತಿತ್ತು: “ಊದಬತ್ತಿ ಇದ್ದದ್ದು ಬತ್ತೀಸ್ ಆತೇನ್ರಿ? ಛಲೋ ಆತು! ವಾಸನೀನೂ ಬದಲ ಆಗೈತೇನು ನೋಡ್ರಿ!”

“ಕಾಕಾ, ಇದು ಟೈಪಿಂಗ್ ತಪ್ಪು. ತಿದ್ದಿಸಬೇಕು. ಇಲ್ಲದಿದ್ದರ ತ್ರಾಸ ಆಗ್ತೈತಿ” ಎಂದು ನಾನು ಹೇಳಿದೆ. ಮಿಸ್ತ್ರಿ ಹೇಳಿದ. ಕಾಕು ಹೇಳಿದರು. ಸರಕಾರ ಕೊಟ್ಟದ್ದನ್ನು ವಾಪಸ್ಸು ಮಾಡುವುದು ಸರಕಾರಕ್ಕೇ ಅವಮಾನ ಎಂಬುದು ಕಾಕಾನ ವಾದ. ಪುಸ್ತಕವನ್ನು, ಅದರೊಳಗೆ ತಮ್ಮ ಅರ್ಜಿಯ ನಕಲನ್ನು ಮಡಿಚಿಟ್ಟು, ದೇವರ ಮಾಡದಲ್ಲಿ ಇಟ್ಟರು.

ಅಷ್ಟರಲ್ಲಿ ಎಲೆಕ್ಷನ್ ಬಂತು.

ಬಂದೂಕು ಜಮಾ ಮಾಡಲು ಕಾಕಾನನ್ನು ಕರೆದುಕೊಂಡು ಹೋದದ್ದು ನಾನೇ. ಠಾಣೆಗೆ ಹೊಸ ಸಾಹೇಬರು ಬಂದಿದ್ದರು. ಎಳೆಯ ವಯಸ್ಸು, ಕಟ್ಟುನಿಟ್ಟಿನ ಮನುಷ್ಯ. ಪುಸ್ತಕ ನೋಡಿದರು, ನಳಿಗೆ ನೋಡಿದರು, ಮತ್ತೆ ಪುಸ್ತಕ ನೋಡಿದರು.

“ಇದರಾಗ ಮೂವತ್ತೆರಡು ಅಂತೈತಿ. ನಳಗಿ ಮ್ಯಾಲ ಇಪ್ಪತ್ತೆರಡು ಐತಿ. ಹೆಂಗ?”

ನಾನು ಬಾಯಿ ತೆರೆಯುವ ಮೊದಲೇ ಪುಸ್ತಕದಿಂದ ಆ ಮಡಿಚಿದ ಕಾಗದ ಕೆಳಗೆ ಬಿತ್ತು. ಕಾಕಾ ತಾವೇ ಎತ್ತಿ, ಬಿಡಿಸಿ, ಹೆಮ್ಮೆಯಿಂದ ಸಾಹೇಬರ ಕೈಗೆ ಕೊಟ್ಟರು. ‘ಬಂದೂಕಿನ ಕ್ಯಾಲಿಬರ್ ದೊಡ್ಡದು ಮಾಡಿಕೊಡುವ ಕುರಿತು’! ಸ್ವಂತ ಕೈಬರಹ, ಸ್ವಂತ ಸಹಿ. ಆರೋಪಿಯೇ ಪುರಾವೆಯನ್ನು ತಂದು ಕೈಗಿಟ್ಟದ್ದು ಆ ಠಾಣೆಯಲ್ಲಿ ಅದೇ ಮೊದಲಿರಬೇಕು.

ಸಾಹೇಬರ ಮುಖ ಬಿಗಿಯಾಯಿತು. ಫ್ಯಾನಿನ ಸದ್ದಿನ ನಡುವೆ, ದನಿ ಏರಿಸದೆ ಕೇಳಿದರು: “ಹಂಗಾರ ಬ್ಯಾರೆ ನಳಗಿ ಮಾಡಿಸೀರಿ. ಆ ನಳಗಿ ಎಲ್ಲೈತಿ?”

ಕಾಕಾ ಮುಖ ಅರಳಿಸಿದರು. “ಮನ್ಯಾಗ ಅದಾವ್ರಿ ಸಾಹೇಬ್ರ!”

“ಅದಾವು? ಎಷ್ಟ ಅದಾವು?”

“ಬೇಕಾದಷ್ಟ ಅದಾವ್ರಿ! ಇವತ್ತ ಮುಂಜಾನೆ ಮಾಡ್ಯಾಳ. ಇಪ್ಪತ್ತು-ಇಪ್ಪತ್ತೈದು ಅದಾವ. ಬರ್ರಿ ಮನೀಗಿ, ನಿಮಗೂ ಕೊಡ್ತೀನಿ, ನಿಮ್ಮ ಮಂದೀಗೂ ಕೊಡ್ತೀನಿ!”

ಬರೆಯುತ್ತಿದ್ದ ರೈಟರ್ ಪೆನ್ನು ಎತ್ತಿ ಹಿಡಿದು ಕೂತ.

“ಯಾರು ಮಾಡ್ಯಾಳ?”

“ನಮ್ಮಾಕೀರಿ. ಅಕೀ ಕೈ ಭಾಳ ಛಲೋ ಐತ್ರಿ.”

ನಾನು, “ಸರ್, ಅವರು ಏನೋ ತಪ್ಪು...” ಎನ್ನುತ್ತ ಎದ್ದೆ. “ಕೂಡ್ರಿ ಮೇಡಂ” ಎಂದು ಸಾಹೇಬರು ಗದರಿಸಿದರು. ಒಬ್ಬ ಹವಾಲ್ದಾರನನ್ನು ಬೈಕಿನ ಮೇಲೆ ಶಿರಗುಪ್ಪಿಗೆ ಓಡಿಸಿದರು. ಲೇತ್ ಕೆಲಸ ಯಾರು ಬಲ್ಲವರು ಎಂದು ಕೇಳಿದ್ದಕ್ಕೆ, ಇದೊಂದನ್ನು ಸರಿಯಾಗಿ ಕೇಳಿಸಿಕೊಂಡ ಕಾಕಾ, “ನಮ್ಮ ದಸ್ತಗೀರ! ನಾಕ್ ಸಲ ಹೋಗಿ ಬಂದೀನ್ರಿ” ಎಂದು ಹುಮ್ಮಸ್ಸಿನಿಂದ ಹೇಳಿಬಿಟ್ಟರು. ಅವನಿಗೂ ಕರೆ ಹೋಯಿತು.

ಮಿಸ್ತ್ರಿ ಬಂದ. ಕೈಯೆಲ್ಲ ಗ್ರೀಸು, ಮುಖದಲ್ಲಿ ರಕ್ತವಿಲ್ಲ. “ನಾ ಒಲ್ಲೆ ಅಂದೀನ್ರಿ ಸಾಹೇಬ್ರ. ನಾಕೂ ಸಲ ಒಲ್ಲೆ ಅಂದೀನಿ. ನಲವತ್ತು ವರ್ಷ ಲೇತ್ ನಡಸೀನಿ, ಒಂದು ಮಾತು ಬಂದಿಲ್ಲ ನನ್ನ ಮ್ಯಾಲ.” ಹೇಳುತ್ತ ಹೇಳುತ್ತ ಗ್ರೀಸಿನ ಕೈಗಳನ್ನು ಸಾಹೇಬರ ಮುಂದೆ ಜೋಡಿಸಿಬಿಟ್ಟ. ಅಂಗಡಿಗೆ ಬೀಗ ಬೀಳುತ್ತದೆಯೋ ಎಂಬ ಹೆದರಿಕೆ ಅವನ ಕಣ್ಣಲ್ಲಿ ಕಾಣುತ್ತಿತ್ತು.

ಕಾಕಾಗೆ ಆ ಮಾತು ಕೇಳಿಸಿತೋ ಇಲ್ಲವೋ, ಆ ಜೋಡಿಸಿದ ಕೈ ಮಾತ್ರ ಕಂಡಿತು. ಅಲ್ಲಿಯವರೆಗಿನ ಹುಮ್ಮಸ್ಸೆಲ್ಲ ಒಮ್ಮೆಲೇ ಇಳಿದುಹೋಯಿತು. ಬೆಂಚಿನಿಂದ ಎದ್ದು ಮಿಸ್ತ್ರಿಯ ಮುಂದೆ ಅಡ್ಡ ನಿಂತರು.

“ಸಾಹೇಬ್ರ, ಅವನ್ನ ಬಿಡ್ರಿ. ಹುಚ್ಚು ನನಗ ಹಿಡದಿತ್ತು, ಅವಗಲ್ಲ. ಬೇಕಾದ್ರ ನನ್ನ ಇಟಗೋರಿ, ಬಂದೂಕ ಇಟಗೋರಿ. ಅವನ ಅಂಗಡಿ ಮುಟ್ಟಬ್ಯಾಡ್ರಿ.”

ಅಷ್ಟು ಹೊತ್ತಿಗೆ ಶಿರಗುಪ್ಪಿಗೆ ಹೋದ ಹವಾಲ್ದಾರ ತಿರುಗಿ ಬಂದ. ಎಡಗೈಯಲ್ಲಿ ಸ್ಟೀಲಿನ ದೊಡ್ಡ ಡಬ್ಬಿ, ಬಲಗೈಯಲ್ಲಿ ಹಳೆಯ ಪುಸ್ತಕ, ಮೀಸೆಗೆ ತುಪ್ಪ.

“ಸರ್, ಮನೀ ಎಲ್ಲಾ ನೋಡೀನಿ. ನಳಗಿ ಒಂದೂ ಇಲ್ಲ. ಹೋಳಗಿ ಅದಾವು, ಇಪ್ಪತ್ಮೂರು. ಅಜ್ಜಿ, ‘ನಮ್ಮ ಮನ್ಯಾಗ ಇವತ್ತ ಮಾಡಿದ್ದು ಇದೊಂದ’ ಅಂತಾರ.”

ಡಬ್ಬಿ ತೆರೆದರು. ಏಲಕ್ಕಿಯ ಪರಿಮಳ ಠಾಣೆಯಲ್ಲೆಲ್ಲ ಹರಡಿತು. ಅಂದು ಅಮಾವಾಸ್ಯೆ, ಕಾಕು ಹೋಳಿಗೆ ಮಾಡಿದ್ದರು! ಸಾಹೇಬರು ನಳಗಿ ಎಂದದ್ದು ಕಾಕಾಗೆ ಹೋಳಗಿ ಎಂದು ಕೇಳಿಸಿತ್ತು. ಸಾಹೇಬರು ಹಣೆ ಹಿಡಿದುಕೊಂಡರು. ರೈಟರ್ ತಾನು ಬರೆದದ್ದನ್ನು ಉದ್ದಕ್ಕೆ ಗೀಚಿ ಹೊಡೆದ.

ಹಳೆಯ ಪುಸ್ತಕವನ್ನು ಕಾಕು ತಮ್ಮ ಟ್ರಂಕಿನ ತಳದಿಂದ ತೆಗೆದು ಕಳಿಸಿದ್ದರು. ಅದರಲ್ಲಿ ಇಪ್ಪತ್ತೆರಡು ಎಂದೇ ಇತ್ತು. ಆದರೂ ಸಾಹೇಬರ ಅನುಮಾನ ಪೂರ್ತಿ ಹೋಗಲಿಲ್ಲ. “ನಡುವ ಬದಲ ಮಾಡಿ, ಈಗ ಮತ್ತ ಹಳೇದು ಹಾಕಿ ತಂದಿಲ್ಲಂತ ಯಾರು ಹೇಳ್ತಾರ? ಈ ಬಂದೂಕ ಗುರತಿದ್ದವರು ಹೊರಗಿನವರು ಯಾರಾದ್ರೂ ಅದಾರೇನು?”

ಇದ್ದರು. ಕಾಕಾ ‘ಬ್ಯಾಡ’ ಎಂದು ತಲೆ ಅಲ್ಲಾಡಿಸುತ್ತಿದ್ದರೂ ನಾನು ದಿಗ್ಗೇವಾಡಿಗೆ ಫೋನು ಮಾಡಿದೆ. ಬೀಗರು ಗಾಡಿಯಲ್ಲಿ ಧೂಳೆಬ್ಬಿಸಿಕೊಂಡು ಬಂದರು. ಬಂದೂಕನ್ನು ನೋಡುತ್ತಲೇ ಎದೆ ಮುಂದೆ ಮಾಡಿದರು.

“ಸಾಹೇಬ್ರ, ಇದರ ಗುರತು ನನಗಿಲ್ದ ಯಾರಿಗೈತ್ರಿ? ಹೋದ ಸುಗ್ಗ್ಯಾಗ ನನ್ನ ಕೈಯಾಗ ಹಿಡದು ನೋಡೀನಿ. ಇದ ನಳಗಿ, ಇದ ತೂತು. ಇದು ಬಂದೂಕ ಅಲ್ರಿ, ಊದಬತ್ತಿ! ನಾನ ಇವರಿಗಿ ಹಂಗಂತ ಹಂಗಸೀನಿ. ಅದಕ್ಕ ಹಟಕ್ಕ ಬಿದ್ದು ಅರ್ಜಿ ಕೊಟ್ಟಾರ.”

ಸಾಹೇಬರು ಕಾಕಾನ ಹತ್ತಿರ ಬಂದು, ಈ ಸಲ ಕಿವಿಯ ಮಗ್ಗುಲಿಗೇ ಗಟ್ಟಿಯಾಗಿ ಕೇಳಿದರು: “ಖರೇ ಏನ್ರಿ ಅಜ್ಜಾ? ಇದು ಬತ್ತೀಸ್ ಏನು, ಊದಬತ್ತಿ ಏನು?”

ಒಂದು ವರ್ಷದಿಂದ ಯಾವ ಮಾತನ್ನು ಅಳಿಸಲು ಕಾಕಾ ಊರೂರು ಅಲೆದಿದ್ದರೋ ಆ ಮಾತು. ಬೀಗರು ಎದುರಿಗೆ, ಗೆಳೆಯ ಹಿಂದೆ, ಠಾಣೆಯ ಮಂದಿಯೆಲ್ಲ ಸುತ್ತ. ಕಾಕಾ ಟೊಪ್ಪಿಗೆ ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು.

“ಊದಬತ್ತೀರಿ” ಎಂದರು.

ಬೀಗರು ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. ನೆಲ ನೋಡುತ್ತ ನಿಂತರು. ಸಾಹೇಬರು ತಪ್ಪು ತಿದ್ದಬೇಕೆಂದು ಆಫೀಸಿಗೆ ಪತ್ರ ಬರೆಸಿ, ಬಂದೂಕು ಜಮಾ ಮಾಡಿಕೊಂಡು, ಎಲ್ಲರನ್ನೂ ಕಳಿಸಿದರು. ಡಬ್ಬಿ ಮಾತ್ರ ಖಾಲಿಯಾಗಿ ವಾಪಸ್ಸು ಬಂತು.

ಎಲೆಕ್ಷನ್ ಮುಗಿದು, ತಿದ್ದಿದ ಪುಸ್ತಕವೂ ಬಂದು, ಬಂದೂಕು ಮನೆಗೆ ಮರಳಿತು. ಕಾಕಾನಿಗೆ ಮಾತ್ರ ಉತ್ಸಾಹವಿರಲಿಲ್ಲ. ಸೋಮವಾರಗಳು ಎಣ್ಣೆಯಿಲ್ಲದೆ ಹೋಗುತ್ತಿದ್ದವು. ಒಂದು ದಿನ ಮಿಸ್ತ್ರಿ ತಾನೇ ಮನೆಗೆ ಬಂದ. ಹಂದಿ ಮತ್ತೆ ಕಬ್ಬಿಗೆ ಬಂದಿವೆಯಂತಲ್ಲ, ನಡಿ, ನಿನ್ನ ಬಂದೂಕಿನ ದನಿ ನಾನೂ ಒಮ್ಮೆ ಕೇಳುತ್ತೇನೆ ಎಂದ. ಮೂವರೂ ಹೊಲಕ್ಕೆ ಹೋದೆವು. ಕಾಕಾ ಒಡ್ಡಿಗೆ ಒಂದು ಗುಂಡು ಹಾರಿಸಿದರು. ನಾನು ಕಿವಿ ಮುಚ್ಚಿಕೊಂಡೆ. ಮಿಸ್ತ್ರಿ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ.

“ಕೇಳಿದೆಲಾ? ಟಪ್!” ಎಂದರು ಕಾಕಾ ಬೇಸರದಿಂದ.

ಮಿಸ್ತ್ರಿ ಅವರನ್ನೇ ನೋಡಿದ. ಆಮೇಲೆ ನನಗೆ ಸುಮ್ಮನಿರು ಎಂದು ಸನ್ನೆ ಮಾಡಿ, ಕಾಕಾನ ಬೆನ್ನ ಹಿಂದೆ ನಾಲ್ಕು ಹೆಜ್ಜೆ ಸರಿದು, “ದೋಸ್ತ” ಎಂದು ಕರೆದ. ಕಾಕಾ ತಿರುಗಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ, “ಏ ದೋಸ್ತ” ಎಂದ. ಕಾಕಾ ನಳಿಗೆಯನ್ನು ಅರಿವೆಯಿಂದ ಒರೆಸುತ್ತಲೇ ಇದ್ದರು.

ನನಗೆ ನಾಚಿಕೆಯಾಯಿತು. ಪ್ರತಿ ರವಿವಾರ ಬಂದು ಹೋಗುವ ನಾನು, ಹೇಳಿದ್ದು ಕೇಳದ ಹಟಮಾರಿ ಎಂದು ಹತ್ತು ಕಡೆ ಅವರ ಕಥೆ ಹೇಳಿ ನಗಿಸುವ ನಾನು, ಇಷ್ಟನ್ನು ಗಮನಿಸಿರಲಿಲ್ಲ. ನಮ್ಮ ಕಡೆ ಎಲ್ಲರದೂ ಗಟ್ಟಿ ದನಿ. ಮೆಲ್ಲಗೆ ಮಾತಾಡಿದರೆ ಜ್ವರ ಬಂದಿದೆಯೇ ಎಂದು ಕೇಳುತ್ತಾರೆ. ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ.

ಮಿಸ್ತ್ರಿ ಮುಂದೆ ಬಂದು ಅವರ ಭುಜ ಹಿಡಿದು ತಿರುಗಿಸಿದ. “ದೋಸ್ತ, ನಳಗಿ ಛಲೋ ಐತಿ. ದನಿ ನಿಮ್ಮಪ್ಪನ ಕಾಲಕ್ಕ ಹೆಂಗಿತ್ತೋ ಹಂಗ ಐತಿ. ನಡಿ, ಮಿರಜಿಗಿ ಹೋಗೂಣು. ಕಿವಿ ತೋರಿಸಿ ಬರೂಣು.”

ಮಿರಜಿನ ಕಿವಿ ಡಾಕ್ಟರು ಎರಡೂ ಕಿವಿ ಪರೀಕ್ಷಿಸಿ, ಇದು ಏಳೆಂಟು ವರ್ಷದಿಂದ ನಿಧಾನಕ್ಕೆ ಇಳಿಯುತ್ತ ಬಂದದ್ದು ಎಂದರು. ಕಿವಿಯ ಹಿಂದೆ ಕೂರುವ ಹುಣಸೆಬೀಜದಷ್ಟು ಯಂತ್ರಗಳನ್ನು ಹಾಕಿದರು. ಇನ್ನು ಗುಂಡಿನ ಸಪ್ಪಳದ ಹತ್ತಿರ ಹೋಗಬೇಡಿ ಎಂದೂ ಹೇಳಿದರು. ಕಾಕಾ ಕ್ಯಾಲಿಬರ್ ಎಷ್ಟು ಎಂದು ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. ತಾವು ಹೆಜ್ಜೆಯಿಟ್ಟ ಸದ್ದಿಗೆ ತಾವೇ ನಿಂತು, ಕಾಲಿನ ಚಪ್ಪಲಿ ನೋಡಿಕೊಂಡರು.

ವಾಪಸ್ಸು ಬರುವಾಗ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಕಾಕಾ ಅದನ್ನೂ ಸ್ವಲ್ಪ ಹೊತ್ತು ಶ್ರದ್ಧೆಯಿಂದ ಕೇಳಿದರು. ಕಾಗವಾಡ ದಾಟಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತ ಅಂದರು:

“ತಂಗಿ, ಏಳೆಂಟು ವರ್ಷ ಅಂದ್ರಲ್ಲ ಡಾಕ್ಟರು. ನಿಮ್ಮ ಕಾಕು ನನಗ ಮುಂಜಾನಿಂದ ಸಂಜೀತನಕಾ ಒದರ್ತಾಳ, ಬೈತಾಳ, ಮುದುಕಿ ಆದಂಗ ಸಿಟ್ಟು ಹೆಚ್ಚಾತು ಅಂತ ತಿಳದಿದ್ಯಾ ನಾ.”

“ಹೂಂ.”

“ಅಕಿ ಬೈಯಾಕತ್ತಿದ್ದಿಲ್ಲ ತಂಗಿ. ಮಾತಾಡಾಕತ್ತಿದ್ಲು.”

ನಾನು ಗೇರು ಬದಲಿಸಿದೆ. ಬದಲಿಸುವ ಅಗತ್ಯವೇನೂ ಇರಲಿಲ್ಲ.

ಮನೆ ಮುಟ್ಟಿದಾಗ ಕಾಕು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ನಮ್ಮನ್ನು ಕಂಡೊಡನೆ ರೂಢಿಯಂತೆ ಓಣಿಯ ತುದಿಗೆ ಕೇಳುವ ಹಾಗೆ, “ಏನಂದ್ರೂ ಡಾಕ್ಟರೂ!” ಎಂದು ಕೂಗಿದರು. ಕಾಕಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಸರಿದರು.

“ಸಾವಕಾಶ ಮಾತಾಡ. ಕೇಳಸ್ತೈತಿ.”

ಕಾಕು ಬಾಯಿ ತೆರೆದವರು ಹಾಗೆಯೇ ಉಳಿದರು. ಏನು ಮಾತಾಡಬೇಕೋ ಗೊತ್ತಾಗದೆ ಅಲ್ಲ. ಸಾವಕಾಶ ಮಾತಾಡುವುದು ಹೇಗೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಒಮ್ಮೆ ಪ್ರಯತ್ನಿಸಿದರು, ದನಿ ಒಡೆಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡು, ಮದುಮಗಳ ಹಾಗೆ ನನ್ನತ್ತ ಒಮ್ಮೆ ನೋಡಿ, ತೀರ ಮೆಲ್ಲಗೆ ಕೇಳಿದರು:

“ಚಾ ಕುಡೀತೀರೇನ್ರಿ?”

ಮೂರು ಹೆಜ್ಜೆ ದೂರವಿದ್ದ ನನಗೇ ಅದು ಸ್ಪಷ್ಟವಾಗಿ ಕೇಳಿಸಿತು. ಕಾಕಾನ ಕಣ್ಣು ನೋಡಿದೆ, ಅವರಿಗೂ ಕೇಳಿಸಿತ್ತು. ಆದರೂ ಅವರು ತಲೆ ಸ್ವಲ್ಪ ವಾಲಿಸಿ, “ಏನ?” ಎಂದರು.

“ಚಾ ಕುಡೀತೀರೇನ್ರಿ, ಅಂದ್ಯಾ ನಾ.”

“ಏನಂದಿ?” ಎಂದರು ಕಾಕಾ, ಇನ್ನೊಂದು ಸಲ.